ಹರಿಹರಕ್ಕೆ ಕೊಟ್ಟ ಹುಂಡಿ

ಆ ಕಾಲದಲ್ಲಿ ದಾವಣಗೆರೆಯ ಕುಂಬಾರರು ಯಾರಾದರೂ ಮಹಡಿ ಮನೆ ಕಟ್ಟಿಸಿದ್ದರೆ, ಅದರ ಅರ್ಧ ಖರ್ಚು ನಮ್ಮ ಸೋದರಮಾವನದು! ಮಾವ ಸಾಲ ಕೊಟ್ಟನೆಂದಲ್ಲ, ದಾನ ಮಾಡಿದನೆಂದೂ ಅಲ್ಲ. ಮಾವ ದುಡ್ಡು ಉಳಿಸುತ್ತಿದ್ದ. ಅವನು ಉಳಿಸಿದ್ದರಿಂದ ಉದ್ಧಾರವಾದವರು ಕುಂಬಾರರು. ಹೇಗೆ ಅಂತೀರಾ? ಹೇಳುತ್ತೇನೆ, ಸ್ವಲ್ಪ ತಾಳಿ. ತಾಳ್ಮೆ ಅನ್ನುವುದು ಮಾವನಿಗಂತೂ ಇರಲಿಲ್ಲ, ನಿಮಗಾದರೂ ಇರಲಿ.

ಮಾವ ಪೇಟೆಯಲ್ಲಿ ಒಬ್ಬ ಮೇಸ್ತ್ರಿಯ ಹೊಲಿಗೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಗಲೆಲ್ಲ ಮೇಸ್ತ್ರಿಯ ಮಿಷನ್ ತುಳಿಯುವುದು, ರಾತ್ರಿ ಅದೇ ಅಂಗಡಿಯ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗುವುದು. ಕೂತಲ್ಲಿ ಕೂರುವ ಜೀವವೇ ಅಲ್ಲ. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತರೂ ಕಾಲು ಮಿಷನ್ ತುಳಿಯುತ್ತಲೇ ಇರುತ್ತಿತ್ತು. ಮಂಡಿ ತಾಗಿ ತಾಗಿ ಪಕ್ಕದವರ ತಟ್ಟೆ ಕುಣಿಯುತ್ತಿತ್ತು!

ಅವನಿಗಿದ್ದ ಹಂಬಲ ಇಷ್ಟೇ. ಸ್ವಂತದ್ದೊಂದು ಮಿಷನ್, ಅದರ ದುಡಿಮೆಯಿಂದ ಬಾಡಿಗೆಗೊಂದು ಮನೆ, ಮನೆಯಾದ ಮೇಲೆ ನಾಗರ ಪಂಚಮಿಗೆ ಅಕ್ಕನನ್ನು ಕರೆದುಕೊಂಡು ಹೋಗುವುದು. ಅಕ್ಕ ಅಂದರೆ ನನ್ನ ಅಮ್ಮ. ಅಮ್ಮನನ್ನು ಹರಿಹರಕ್ಕೆ ಮದುವೆ ಮಾಡಿಕೊಟ್ಟ ಸ್ವಲ್ಪ ದಿನಕ್ಕೇ ಅಜ್ಜ ಅಜ್ಜಿ ಇಬ್ಬರೂ ತೀರಿಕೊಂಡು, ಅವರಿದ್ದ ಬಾಡಿಗೆ ಮನೆಯೂ ಕೈಬಿಟ್ಟು ಹೋಗಿತ್ತು. ಪಂಚಮಿ ಬಂತೆಂದರೆ ನಮ್ಮ ಓಣಿಯ ಹೆಂಗಸರೆಲ್ಲ ತವರಿಗೆ ಹೋಗಿ, ಜೋಕಾಲಿ ಜೀಕಿ, ಉಂಡೆ ತಿಂದು ಬರುವರು. ಅಮ್ಮ ಮಾತ್ರ "ನಂಗೆ ಈ ಹೊಳೀನೇ ತವರು ಬಿಡ್ರಿ" ಎಂದು ನಕ್ಕು, ಕೊಡ ಎತ್ತಿಕೊಂಡು ಹೊಳೆಗೆ ನಡೆಯುವಳು. ಮತ್ತೇನು ಮಾಡಬೇಕು? ಅಕ್ಕನನ್ನು ಹಬ್ಬಕ್ಕೆ ಕರೆದು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಲಿಕ್ಕಾಗುತ್ತದೆಯೇ!

ಹಾಗಾಗಿ ಮಾವ ಒಂದು ಮಣ್ಣಿನ ಹುಂಡಿ ತಂದ. ದಿನಾ ಸಂಜೆ ಕೂಲಿ ಕೈಗೆ ಬಂದೊಡನೆ ಮೊದಲು ಹುಂಡಿಗೆ, ಉಳಿದದ್ದು ಹೊಟ್ಟೆಗೆ. ಎಂಥ ಒಳ್ಳೆಯ ಅಭ್ಯಾಸ! ಆದರೆ ಒಳಗೆ ಎಷ್ಟಾಯಿತು ಅಂತ ತಿಳಿಯದೆ ಮಾವನಿಗೆ ಅನ್ನ ಸೇರುತ್ತಿರಲಿಲ್ಲ. ಹುಂಡಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸುವನು. ಕೈಯಲ್ಲಿ ತೂಗಿ ನೋಡುವನು. ಕಸಬರಿಗೆ ಕಡ್ಡಿ ತೂರಿಸಿ ಆಳ ಅಳೆಯುವನು. ತಡೆಯಲಾರದೆ ಒಂದು ದಿನ ಕತ್ತರಿಯ ಹಿಡಿಯಿಂದ ಫಟ್! ಇಷ್ಟೇನಾ ಅಂತ ಬೇಜಾರಾಗುವುದು. ಬೇಜಾರು ಕಳೆಯಲು ಒಂದು ಬೆಣ್ಣೆ ದೋಸೆ. ದೋಸೆ ತಿಂದ ಮೇಲೆ ಹುರುಪು ಬರುವುದು. ಆ ಹುರುಪಿನಲ್ಲೇ ಹೋಗಿ ಹೊಸ ಹುಂಡಿ ತರುವನು.

ಒಡೆಯಲು ಕಾರಣಗಳಿಗೇನು ಬರ! ಆಣೆ ಹೋಗಿ ನಯೇ ಪೈಸೆ ಬಂತೆಂಬ ಸುದ್ದಿ ಕೇಳಿ, ಒಳಗಿನ ಆಣೆಗಳಿಗೆ ಏನಾಯಿತೋ ಎಂದು ಗಾಬರಿಯಾಗಿ ಒಡೆದ. ಏನೂ ಆಗಿರಲಿಲ್ಲ. ಇನ್ನೊಮ್ಮೆ ಇರುವೆ ಒಳಗೆ ಹೋದದ್ದನ್ನು ಕಂಡು ಒಡೆದ. ಇರುವೆ ದುಡ್ಡು ತಿನ್ನುತ್ತದೆಯೇ ಅಂತ ಕೇಳಿದರೆ, "ಹೇಳಾಕಾಗಲ್ಲ, ಕಾಲ ಕೆಟ್ಟೈತೆ" ಅಂದ.

ಕುಂಬಾರಗಿತ್ತಿಯೊಬ್ಬಳು ಅವನ ಮುಖ ಕಂಡರೆ ಸಾಕು, ಕೇಳದೆಯೇ ಹುಂಡಿ ಎತ್ತಿ ಕೊಡುತ್ತಿದ್ದಳು.

"ನಿನ್ನ ಹುಂಡಿ ಗಟ್ಟಿ ಇಲ್ಲ ಬಿಡವ್ವಾ" ಎಂದು ಮಾವ ಅವಳ ಮೇಲೇ ತಪ್ಪು ಹೊರಿಸಿದನಂತೆ.

"ಹುಂಡಿ ಗಟ್ಟಿ ಐತೆ ತಮ್ಮಾ, ಮನಸ್ಸು ಗಟ್ಟಿ ಮಾಡ್ಕ" ಅಂದಳಂತೆ ಅವಳು.

ಮನಸ್ಸು ಗಟ್ಟಿಯಾಗುವ ಲಕ್ಷಣ ಕಾಣದೆ, ಕೊನೆಗೊಂದು ದಿನ ಹುಂಡಿಯನ್ನು ಮಡಿಲಲ್ಲಿಟ್ಟುಕೊಂಡು ರೈಲು ಹತ್ತಿ ನಮ್ಮ ಮನೆಗೆ ಬಂದ. "ಅಕ್ಕಾ, ಇದು ನಿನ್ನ ಹತ್ರ ಇರಲಿ. ನಾ ಕೇಳಿದ್ರೂ ಕೊಡಬ್ಯಾಡ. ಅತ್ರೂ ಕೊಡಬ್ಯಾಡ" ಅಂದ. ಅಮ್ಮ ಅದನ್ನು ಅಡುಗೆಮನೆಯ ಗೋಡೆಯ ಮಾಡಿನಲ್ಲಿಟ್ಟಳು. ಆ ದಿನದಿಂದ ಹುಂಡಿ ಹರಿಹರಕ್ಕೆ ಕೊಟ್ಟ ಹೆಣ್ಣುಮಗಳಾಯಿತು, ಮಾವ ಅದರ ತಂದೆಯಾದ! ವಾರಕ್ಕೊಂದು ಕಾರ್ಡು ಬರತೊಡಗಿತು. "ನಾನು ಇಲ್ಲಿ ಕ್ಷೇಮ. ಅಲ್ಲಿ ಭಾವ, ಅಕ್ಕ, ಮಕ್ಕಳು ಹಾಗೂ ಹುಂಡಿಯ ಕ್ಷೇಮಕ್ಕೆ ಬರೆಯುವುದು." ಕಾರ್ಡಿನ ಬೆನ್ನ ಹಿಂದೆಯೇ ತಾನೂ ಬರುವನು. ಕರವಸ್ತ್ರದಲ್ಲಿ ಕಟ್ಟಿ ತಂದ ದುಡ್ಡನ್ನು ಅಮ್ಮ ಹುಂಡಿಗೆ ಹಾಕುವಳು. ಮುಟ್ಟುವ ಹಾಗಿಲ್ಲ, ದೂರದಿಂದ ನೋಡಬೇಕು ಅನ್ನುವುದು ಅಮ್ಮನ ಕಾನೂನು.

ನಮ್ಮಪ್ಪನಿಗೆ ಮನೆಯ ಮುಂಭಾಗದಲ್ಲೇ ಸಣ್ಣದೊಂದು ಕಿರಾಣಿ ಅಂಗಡಿ. ವ್ಯಾಪಾರಸ್ಥರ ಬುದ್ಧಿ, ಸುಮ್ಮನಿರುತ್ತದೆಯೇ?

"ಅಲ್ಲಯ್ಯಾ, ಹುಂಡಿ ಮುಖ ನೋಡಾಕೆ ರೈಲು ಚಾರ್ಜು ಕೊಟ್ಟು ಬರ್ತೀಯಲ್ಲ, ಆ ಚಾರ್ಜು ಹಾಕಿದ್ರೆ ಇಷ್ಟೊತ್ತಿಗೆ ಅದು ತುಂಬತಿರಲಿಲ್ಲೇನು?"

ಮಾವನಿಗೆ ಮಾತು ನಾಟಿತು. ಮುಂದಿನ ವಾರ ದಾವಣಗೆರೆಯಿಂದ ನಡೆದುಕೊಂಡೇ ಬಂದ! ಬೆವರು ಒರೆಸಿಕೊಳ್ಳುವ ಮೊದಲೇ ಚಾರ್ಜಿನ ದುಡ್ಡನ್ನು ಅಮ್ಮನ ಕೈಗಿಟ್ಟು, ಊಟಕ್ಕೆ ಕೂತು, ಅಮ್ಮ ತಟ್ಟಿದ ರೊಟ್ಟಿಯನ್ನೆಲ್ಲ ಖಾಲಿ ಮಾಡಿದ. ಅಪ್ಪ ಬರಿದಾದ ಬುಟ್ಟಿ ನೋಡಿ, "ಚಾರ್ಜು ಹುಂಡಿಗೆ, ಖರ್ಚು ನಂಗೆ" ಅಂದರು.

ಆದರೂ ಅಪ್ಪ ಒಮ್ಮೆ ಮೆಲ್ಲಗೆ ಹೇಳಿದ್ದುಂಟು, ಬೇಕಾದರೆ ಮಿಷನ್ನಿಗೆ ಒಂದಿಷ್ಟು ತಾವು ಹಾಕುವುದಾಗಿ. ಮಾವ ಒಪ್ಪಲಿಲ್ಲ. "ಬ್ಯಾಡ್ರಿ ಭಾವ. ನಿಮ್ಮ ದುಡ್ಡಲ್ಲಿ ಅಕ್ಕನ ತವರು ಕಟ್ಟಿದ್ರೆ ಅದು ತವರು ಹೆಂಗಾತು? ನಿಮ್ಮನೇದೇ ಇನ್ನೊಂದು ಕ್ವಾಣೆ ಆತು" ಅಂದ. ಆವತ್ತು ಅಪ್ಪ ಏನೂ ತಮಾಷೆ ಮಾಡಲಿಲ್ಲ.

ಇಷ್ಟೆಲ್ಲ ಆದರೂ ಮಾವನ ಭರವಸೆ ನೋಡಬೇಕಿತ್ತು! ಮಿಷನ್ ನಾಳೆಯೇ ಬರುವುದೆಂಬಂತೆ ಕೊರಳಲ್ಲಿ ಟೇಪು ಹಾಕಿಕೊಂಡು ಬರುವನು. ನನ್ನ ಲಂಗದ ಅಳತೆ, ಅಪ್ಪನ ಕೋಟಿನ ಅಳತೆ, ಪಕ್ಕದ ಮನೆಯ ಅಜ್ಜನ ಅಂಗಿಯ ಅಳತೆ, ಎಲ್ಲ ತೆಗೆದುಕೊಳ್ಳುವನು. ಮುಂದಿನ ವರ್ಷ ನಾವು ಬೆಳೆದಿರುತ್ತಿದ್ದೆವು, ಮತ್ತೆ ಅಳೆಯುವನು. "ನಿನ್ನ ಮಿಷನ್ ಬರೋದ್ರೊಳಗೆ ನನ್ನ ಹೊಟ್ಟೆ ದಾವಣಗೆರೆ ಮುಟ್ಟತೈತೆ ನೋಡು" ಎಂದು ಅಪ್ಪ ಕೈ ಮೇಲೆತ್ತಿ ನಿಲ್ಲುತ್ತಿದ್ದರು. "ಮುಟ್ಟಲಿ ಬಿಡ್ರಿ, ಅಲ್ಲೇ ಬಟ್ಟೆ ಹಾಕಿ ಹೊಲಿತೀನಿ" ಅನ್ನುತ್ತಿದ್ದ ಮಾವ.

ಹೀಗಿರುವಾಗ ಒಂದು ಬೆಳಿಗ್ಗೆ ಮಾವ ಓಡುತ್ತಾ ಬಂದ. ಮೇಸ್ತ್ರಿಗೆ ಕಣ್ಣು ಮಂಜಾಗಿ, ಎರಡು ಮಿಷನ್ನಿನಲ್ಲಿ ಒಂದನ್ನು ಮಾರುತ್ತಾರಂತೆ. ಬೇರೆ ಯಾರೋ ಕೇಳಿಕೊಂಡು ಬಂದಿದ್ದಾರಂತೆ. ಸಂಜೆಯೊಳಗೆ ದುಡ್ಡು ತಂದರೆ ಮಿಷನ್ ನಿನ್ನದು ಅಂದಿದ್ದಾರಂತೆ. ಹುಂಡಿಯೂ ಅಷ್ಟೊತ್ತಿಗೆ ಕಾಸು ತೂರದಷ್ಟು ತುಂಬಿತ್ತು. ಅಮ್ಮ ಅದನ್ನು ಇಳಿಸಿ ಅವನ ಮುಂದಿಟ್ಟು, ಪಕ್ಕದಲ್ಲಿ ಗುಂಡುಕಲ್ಲನ್ನೂ ಇಟ್ಟಳು.

ಮಾವ ಕಲ್ಲು ಎತ್ತಿದ, ಇಳಿಸಿದ. ಮತ್ತೆ ಎತ್ತಿದ, ಮತ್ತೆ ಇಳಿಸಿದ. ಅಷ್ಟು ಹುಂಡಿ ಒಡೆದ ಕೈ! ಅವನ ಕಾಲು ಕೂಡ ಅಲ್ಲಾಡದೆ ಸುಮ್ಮನಿದ್ದದ್ದನ್ನು ನಾನು ಆವತ್ತೇ ಮೊದಲು ನೋಡಿದ್ದು.

"ಯಾಕೋ? ರೈಲಿಗೆ ಹೊತ್ತಾತು" ಅಂದಳು ಅಮ್ಮ.

"ಸಾಲದಿದ್ರೆ ಏನ್ ಮಾಡ್ಲಕ್ಕಾ? ಒಡೆಯೋ ತನಕ ಸಾಲತೈತೆ ಅನ್ಕಂಡಾದ್ರೂ ಇರಬೌದು."

ಎಲ್ಲದಕ್ಕೂ ನಗುತ್ತಿದ್ದ ನಮಗೆ ಆವತ್ತು ನಗು ಬರಲಿಲ್ಲ. ಅಮ್ಮ ಅವನ ಕೈಯಿಂದ ಕಲ್ಲು ತೆಗೆದುಕೊಂಡಳು. ಮಾವ ಗೋಡೆಗೆ ಮುಖ ಮಾಡಿ ಕೂತ. ಹುಂಡಿ ಒಡೆದು ದುಡ್ಡು ನೆಲದ ತುಂಬ ಹರಡಿತು.

"ಸಾಲತೈತಾ?" ಎಂದು ಮಾವ ಗೋಡೆಯನ್ನೇ ಕೇಳಿದ.

"ಸಾಲತೈತೆ" ಅಂದಳು ಅಮ್ಮ. ಅವಳಿನ್ನೂ ಒಂದು ಕಾಸೂ ಎಣಿಸಿರಲಿಲ್ಲ.

ಎಣಿಸಿದರೆ ಸಾಲಲಿಲ್ಲ. ಕೊರತೆ ದೊಡ್ಡದೇನಲ್ಲ, ಚಿಕ್ಕದೂ ಅಲ್ಲ. ಆದರೆ ಅಕ್ಕನ ಬಾಯಿಂದ ಸಾಲುತ್ತದೆ ಅನ್ನುವ ಮಾತು ಬಂದಿತ್ತಲ್ಲ, ಮಾವ ಅಷ್ಟನ್ನೂ ಟವೆಲ್ಲಿನಲ್ಲಿ ಗಂಟು ಕಟ್ಟಿ ಎದ್ದು ನಿಂತ. ಮೇಸ್ತ್ರಿ ಗಂಟು ನೋಡಿ, ಮಾವನ ಮುಖ ನೋಡಿ, "ಉಳಿದದ್ದು ಕೆಲಸದಾಗೆ ತೀರಿಸು, ತಗಂಡು ಹೋಗು" ಅಂದರಂತೆ. ಮಿಷನ್ ತಳ್ಳುಗಾಡಿಯಲ್ಲಿ ಬರುವಾಗ ಮಾವ ಅದರ ಜೊತೆ ಜೊತೆಗೇ ಓಡಿದನಂತೆ. ಮೊದಲು ಒಂದು ಅಂಗಡಿಯ ಜಗಲಿ ಸಿಕ್ಕಿತು, ಆಮೇಲೆ ನಾಲ್ಕು ಗಿರಾಕಿ, ಆಮೇಲೆ ಒಂದೇ ಕೋಣೆಯ ಒಂದು ಬಾಡಿಗೆ ಮನೆ.

ಆ ವರ್ಷ ಪಂಚಮಿಗೆ ಎರಡು ದಿನ ಮುಂಚೆ ಮಾವ ನಮ್ಮ ಮನೆಗೆ ಬಂದ. ಎಂದಿನಂತೆ ಸೀದಾ ಅಡುಗೆಮನೆಗೆ ನುಗ್ಗಲಿಲ್ಲ. ಹೊಸ್ತಿಲಾಚೆಯೇ ನಿಂತು, ಬಾಯಿಪಾಠ ಮಾಡಿಕೊಂಡು ಬಂದವನಂತೆ ಹೇಳಿದ.

"ಭಾವ, ಅಕ್ಕನ್ನ ಪಂಚಮಿಗೆ ಕರೆಯಾಕೆ ಬಂದೀನ್ರಿ. ಕಳಿಸಿಕೊಡ್ರಿ."

ಅಪ್ಪ ಗಲ್ಲಾ ಪೆಟ್ಟಿಗೆ ಬಿಟ್ಟು ಎದ್ದರು. ತಾವೇ ಒಳಗೆ ಹೋಗಿ, ಕಾಲಿಗೆ ನೀರು ತಂದುಕೊಟ್ಟರು. "ಅವಳ ತಯಾರಿ ಆಗಬೇಕಲ್ಲಪ್ಪಾ, ಬಾ, ಕೂತ್ಕ" ಅಂದರು.

ಅಷ್ಟರಲ್ಲಿ ಅಮ್ಮ ಗಂಟು ಹಿಡಿದುಕೊಂಡು ಹೊರಗೆ ಬಂದಾಗಿತ್ತು! ಸೀರೆ, ಕುಬುಸ, ಕುಂಕುಮದ ಭರಣಿ, ಎಲ್ಲ ಕಟ್ಟಿದ ಗಂಟು. "ಯಾವಾಗ ಕಟ್ಟಿದಿ?" ಎಂದು ಅಪ್ಪ ಕೇಳುವಷ್ಟರಲ್ಲಿ ಅಮ್ಮ ಹೊಸ್ತಿಲು ದಾಟಿದ್ದಳು. ನನಗೆ ಬಹಳ ದಿನದ ಮೇಲೆ ಹೇಳಿದಳು. ಪ್ರತಿ ವರ್ಷವೂ ಪಂಚಮಿಗೆ ಮುಂಚೆ ಹಾಗೆ ಗಂಟು ಕಟ್ಟಿಡುತ್ತಿದ್ದಳಂತೆ, ತಮ್ಮ ಕರೆಯಲು ಬಂದರೆ ತಡವಾಗಬಾರದಲ್ಲ ಅಂತ. ಹಬ್ಬ ಕಳೆದ ಮೇಲೆ ಯಾರಿಗೂ ಕಾಣದ ಹಾಗೆ ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಿದ್ದಳಂತೆ.

ಆವತ್ತು ಸ್ಟೇಷನ್ನಿನ ದಾರಿಯಲ್ಲಿ ಅಮ್ಮ ಎಷ್ಟು ಬಿರುಸಾಗಿ ನಡೆದಳೆಂದರೆ, ಮಾವ ಹಿಂದೆ ಬಿದ್ದು, "ನಿಧಾನ ಅಕ್ಕಾ, ರೈಲು ಇನ್ನೂ ಬಂದಿಲ್ಲ" ಎಂದು ಕೂಗುತ್ತಾ ಹೋಗುತ್ತಿದ್ದ.