ಮುನಿಬ್ ಆಯಿಲ್ ಬದಲಿಸಿದ್ದು

ಮರುದಿನ ತನ್ನ ತಾಯಿಯನ್ನೂ ಕೂರಿಸಿಕೊಂಡು ಒಂದು ವಾರ ನೆಯುಮ್‌ನ ಕಡಲತೀರಕ್ಕೆ ಹೋಗೋಣವೆಂದು ಹೆಂಡತಿ ಸೆನಿಯಾ ಹೇಳಿದ್ದೇ ತಡ, ಮುನಿಬ್ ಕೆಳಗಿಳಿದು ಕಾರಿನ ಹಳೆಯ ಆಯಿಲ್ ಪೂರ್ತಿ ಬಸಿದುಬಿಟ್ಟ.

ಹಾಯ್ರಿಯಾ ಅತ್ತೆಯ ಜೊತೆ ವಾರವಿಡೀ ಒಂದೇ ಸೂರಿನಡಿ ಇರುವುದಕ್ಕಿಂತ ತಮ್ಮೂರು ಝೆನಿತ್ಸಾದಲ್ಲೇ ಕಾರ್ಖಾನೆಯ ಹೊಗೆ ಕುಡಿದುಕೊಂಡಿರುವುದು ವಾಸಿ ಎಂಬುದು ಅವನ ಅಭಿಪ್ರಾಯ. ಬಾಯಿಬಿಟ್ಟು ಹೇಳುವ ಧೈರ್ಯವಿರಲಿಲ್ಲ. ಆದರೆ ಹಳೆಯ ಡೀಸೆಲ್ ಕಾರಿಗೆ ಯಾವ ಆಯಿಲ್ ಹಾಕಬೇಕೆಂಬ ವಿಷಯದಲ್ಲಿ ಅವರ ಕಟ್ಟಡದ ಅಂಗಳದಲ್ಲಿ ಇಬ್ಬರು ಒಮ್ಮತಕ್ಕೆ ಬಂದದ್ದು ಯಾರಿಗೂ ನೆನಪಿರಲಿಲ್ಲ. ಬಾನೆಟ್ ಎತ್ತಿ ನಿಂತರೆ ಸಾಕಿತ್ತು, ಪ್ರಯಾಣ ತಾನಾಗಿಯೇ ನಿಲ್ಲುತ್ತಿತ್ತು.

ಕಾಫಿ ಬಟ್ಟಲು ಹಿಡಿದು ಮೊದಲು ಇಳಿದು ಬಂದವನು ನಿವೃತ್ತ ಲಾರಿ ಚಾಲಕ ವ್ಲಾದೋ.

"ಹದಿನೈದು-ನಲವತ್ತು ನಂಬರಿನ ಆಯಿಲ್ ಹಾಕು. ಮಂದ ಇರ್ಬೇಕು. ಹಳೇ ಇಂಜಿನ್ನು, ಒಳಗೆ ಸವೆದಿರುತ್ತೆ."

"ಅದು ಲಾರಿಗೆ ಹಾಕೋದು," ಎಂದ ಹಿಂದೆಯೇ ಬಂದ ಫಿಕ್ರೆತ್. ಅವನು ಆರು ವರ್ಷ ಜರ್ಮನಿಯಲ್ಲಿದ್ದು ಬಂದವನು. ಕೆಲಸ ಮಾಡಿದ್ದು ಬೇಕರಿಯಲ್ಲಿ. ಆದರೂ ಕಾರಿನ ವಿಷಯದಲ್ಲಿ ತನ್ನದೇ ಕೊನೆಯ ಮಾತು ಎಂದುಕೊಂಡಿದ್ದ. "ಐದು-ಮೂವತ್ತು, ಪೂರ್ತಿ ಸಿಂಥೆಟಿಕ್. ಒಳಗೆಲ್ಲ ತೊಳ್ದು ಇಡುತ್ತೆ."

"ತೊಳ್ದ್ರೆ ಸೋರುತ್ತೆ ಕಣಯ್ಯ. ಆ ಕೊಳೆನೇ ಅದನ್ನ ಹಿಡ್ಕೊಂಡಿರೋದು."

ಜಗಳ ಆರದಿರಲೆಂದು ಮುನಿಬ್ ಫಿಲ್ಟರ್ ವಿಷಯವನ್ನೂ ಎತ್ತಿದ. ಅಗ್ಗದ್ದು ಸಾಕೆಂದ ವ್ಲಾದೋ. ಅಗ್ಗದ ಫಿಲ್ಟರಿಗಿಂತ ಹೆಂಡತಿಯ ಕಾಲುಚೀಲ ಕಟ್ಟುವುದು ಮೇಲೆಂದ ಫಿಕ್ರೆತ್. ಮಧ್ಯಾಹ್ನವಾದರೂ ಎಂಜಿನ್ನಿಗೆ ಒಂದು ಹನಿ ಬಿದ್ದಿರಲಿಲ್ಲ. ಮುನಿಬ್ ಮೇಲೆ ಹೋಗಿ, "ನಾಳೆ ಹೊರಡೋಕೆ ಆಗೋ ಹಾಗೆ ಕಾಣಲ್ಲ" ಎಂದು ಹೆಂಡತಿಯೆದುರು ನಿಟ್ಟುಸಿರಿಟ್ಟು, ಎರಡು ಬಟ್ಟಲು ಬೀನ್ಸ್ ಕಾಳಿನ ಸಾರು ಕುಡಿದು ಬಂದ.

ಕೆಲಸ ಕೆಟ್ಟದ್ದು ಎದುರು ಕಟ್ಟಡದ ರಾಸಿಮ್‌ನಿಂದ. ಅವನು ಸಂಜೆ ಬ್ರೆಡ್ ತೆಗೆದುಕೊಂಡು ಹೋಗುತ್ತ ಒಮ್ಮೆ ಇಣುಕಿದ.

"ಇನ್ನೂ ಮುಗ್ದಿಲ್ವಾ? ನಮ್ಮ ಕಟ್ಟಡದವ್ರಾಗಿದ್ರೆ ಕಾಫಿ ಆರೋದ್ರೊಳಗೆ ಮುಗಿಸ್ತಿದ್ರು."

ವ್ಲಾದೋ ಮತ್ತು ಫಿಕ್ರೆತ್ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಹತ್ತು-ನಲವತ್ತು," ಎಂದ ವ್ಲಾದೋ.

"ಅರ್ಧ ಸಿಂಥೆಟಿಕ್," ಎಂದ ಫಿಕ್ರೆತ್. "ಫಿಲ್ಟರ್ ಮಾತ್ರ ಒಳ್ಳೇದು."

"ಆಗ್ಲಿ, ಒಳ್ಳೇದೇ."

ಮುನಿಬ್ ಗಡಿಯಾರ ನೋಡಿದ. ಅಂಗಡಿ ಮುಚ್ಚಿರುತ್ತದೆ ಎಂದ. ವ್ಲಾದೋ ಆಗಲೇ ಅಂಗಡಿಯವನಿಗೆ ಫೋನು ಮಾಡಿಯಾಗಿತ್ತು. ಆಯಿಲ್ಲಿನದು, ಗಾಳಿಯದು, ಡೀಸೆಲಿನದು, ಮೂರೂ ಫಿಲ್ಟರುಗಳು ಬಂದವು. ಡೀಸೆಲ್ ಕೊಳವೆಯಲ್ಲಿ ಗಾಳಿ ಸೇರಿ ಕಾರು ಹೊರಡದೆ ಹೋದೀತೆಂಬುದೊಂದೇ ಆಸೆ ಮುನಿಬ್‌ಗೆ ಉಳಿದಿತ್ತು. ಫಿಕ್ರೆತ್ ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿಸಿ ಕೂರಿಸಿದ. ಕೀಲಿ ತಿರುಗಿಸಿದ್ದೇ ಎಂಜಿನ್ ಶುರುವಾಯಿತು. ಹಿಂದಿನ ಹೊಗೆಯಿಲ್ಲ, ಗಡಗಡವಿಲ್ಲ, ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟಿತು.

ಸೆನಿಯಾ ಕೆಳಗಿಳಿದು ಬಂದಳು. ಅದೇ ಕಟ್ಟಡದಲ್ಲಿದ್ದ ಹಾಯ್ರಿಯಾ ಅತ್ತೆಯೂ ಅವಳ ಹಿಂದೆಯೇ ಬಂದು ಎಂಜಿನ್ನಿಗೆ ಕಿವಿಗೊಟ್ಟು ನಿಂತರು. ಆಮೇಲೆ ಹಿಂದಿನ ಸೀಟಿನಲ್ಲಿ ಕೂತೇ ಬಿಟ್ಟರು.

"ಇಷ್ಟೆಲ್ಲ ನನಗೋಸ್ಕರ ಮಾಡಿದ್ರಾ ಅಳಿಯಂದ್ರೇ? ಆ ಗಡಗಡಕ್ಕೆ ಹೆದ್ರಿ, ನಾನು ಬರೋದಿಲ್ಲ, ನೀವಿಬ್ರೇ ಹೋಗ್ಬನ್ನಿ ಅಂತ ಈಗ ತಾನೇ ಇವಳಿಗೆ ಹೇಳಿದ್ದೆ."

ಮುನಿಬ್ ಹೆಂಡತಿಯ ಕಡೆ ನೋಡಿದ.

"ಅದನ್ನ ಹೇಳೋಕೇ ಇಳಿದು ಬಂದೆ," ಎಂದಳು ಸೆನಿಯಾ.

"ಇಂಜಿನ್ ಹೀಗಿದೆ ಅಂದ್ಮೇಲೆ ಒಂದು ವಾರ ಯಾಕೆ, ಎರಡು ವಾರ ಇರೋಣ," ಎಂದರು ಅತ್ತೆ.

ಮುನಿಬ್ ವ್ಲಾದೋನನ್ನು ಪಕ್ಕಕ್ಕೆ ಕರೆದು, ಇದು ಮತ್ತೆ ಗಡಗಡ ಅನ್ನುವುದು ಯಾವಾಗ ಎಂದು ಮೆಲ್ಲಗೆ ಕೇಳಿದ.

"ಹತ್ತು ಸಾವಿರ ಕಿಲೋಮೀಟರ್ ತನಕ ಯೋಚ್ನೆನೇ ಮಾಡ್ಬೇಡ," ಎಂದು ವ್ಲಾದೋ ಅವನ ಬೆನ್ನು ತಟ್ಟಿದ. "ನಾವಿದೀವಲ್ಲ."