ಹತ್ತಿಯ ಭವಿಷ್ಯ ಹೇಳುವ ಕೆಲಸ

ಮ್ಯಾಂಚೆಸ್ಟರಿನಲ್ಲಿ ಬೆಡ್‌ಶೀಟು, ಟವೆಲ್ಲು ತರಿಸಿ ಮಾರುವ ಕಂಪನಿಯೊಂದರಲ್ಲಿ ನನಗೆ ಕೆಲಸ. ಹತ್ತಿಯ ರೇಟು ಏರುತ್ತದೋ ಇಳಿಯುತ್ತದೋ, ಜನ ಹತ್ತಿ ಬಟ್ಟೆ ಕೊಳ್ಳುತ್ತಾರೋ ಇಲ್ಲವೋ ಅಂತ ಮುಂಚಿತವಾಗಿ ಹೇಳಬೇಕು. ಇನ್ನೂ ಆಗದೇ ಇರುವುದರ ಬಗ್ಗೆ ಮಾತಾಡಿ ಸಂಬಳ ತಗೊಳ್ಳುವವನಿಗೆ ಈ ಕೆಳಗಿನಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ.

ಬೆಟ್ಟದಾಚೆ

ಇಲ್ಲಿನ ಜವಳಿ ಉದ್ದಿಮೆಗೆ ಮುಂದೆ ಎಷ್ಟು ಹತ್ತಿ ಬೇಕಾದೀತು ಎಂದು ವಿಚಾರಿಸಲು ಹಡರ್ಸ್‌ಫೀಲ್ಡಿನ ಒಂದು ಹಳೆಯ ಗಿರಣಿಗೆ ಹೋದೆ. ವಯಸ್ಸಾದ ಮಾಲೀಕರು ಟೀ ಕೊಟ್ಟು, ಗಿರಣಿಯೆಲ್ಲ ಸುತ್ತಾಡಿಸಿ, ಒಂದೊಂದು ಮಗ್ಗದ ಮುಂದೆಯೂ ನಿಂತು ವಿವರಿಸಿದರು. ನಾನು ಬರೆದುಕೊಂಡಿದ್ದೇ ಬರೆದುಕೊಂಡಿದ್ದು. ಹೊರಡುವಾಗ, "ಹಾಗಾದರೆ ಈ ವರ್ಷ ನಿಮಗೆ ಎಷ್ಟು ಹತ್ತಿ ಬೇಕಾಗಬಹುದು?" ಅಂದೆ.

ಅವರು ನನ್ನನ್ನೇ ನೋಡಿದರು. "ಇಷ್ಟು ಹೊತ್ತು ತೋರಿಸಿದ್ದು ಉಣ್ಣೆ. ಹತ್ತಿಯೆಲ್ಲ ಬೆಟ್ಟದಾಚೆ, ನಿಮ್ಮ ಮ್ಯಾಂಚೆಸ್ಟರ್ ಕಡೆಯವರದ್ದು. ನಮ್ಮ ಮನೆಯಲ್ಲಿ ಅದನ್ನು ಪಾತ್ರೆ ಒರೆಸೋದಕ್ಕೆ ಇಟ್ಟಿದ್ದೇವೆ."

ಎರಡು ಕೆಲಸ

ಸ್ಟಾಕ್‌ಪೋರ್ಟಿನ ಶಾಲೆಯಲ್ಲಿ ಟೀಚರು ನನ್ನ ಮಗಳನ್ನು, "ನಿಮ್ಮಪ್ಪ ಏನು ಕೆಲಸ ಮಾಡ್ತಾರೆ?" ಅಂತ ಕೇಳಿದರಂತೆ. ಇವಳು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಮೊದಲು ಹತ್ತಿ ರೇಟು ಏರುತ್ತೆ ಅಂತಾರೆ. ಆಮೇಲೆ ಯಾಕೆ ಏರಲಿಲ್ಲ ಅಂತ ಹೇಳ್ತಾರೆ. ಎರಡಕ್ಕೂ ಸಂಬಳ ಕೊಡ್ತಾರೆ."

ಔಷಧಿ

ಒಂದು ಸಲ ನಾನು ಹೇಳಿದ್ದೆಲ್ಲ ತಿರುವುಮುರುವಾಗಿ, ಹತ್ತಿಯದೇ ಯೋಚನೆಯಲ್ಲಿ ನಿದ್ದೆ ಕೆಟ್ಟಿತು. ಜಿಪಿ, ಅಂದರೆ ನಮ್ಮ ಏರಿಯಾದ ಡಾಕ್ಟರ ಹತ್ತಿರ ಹೋದೆ; ಕಲಬುರಗಿ ಕಡೆಯ ಹೆಣ್ಣುಮಗಳು. ಬಿಪಿ ನೋಡಿ, "ಹಾಸಿಗೆ ಮೇಲೆ ಏನು ಹಾಸ್ತೀರಿ?" ಅಂದರು.

"ಪಾಲಿಯೆಸ್ಟರು."

"ಕಾಟನ್ ಹಾಸಿ ನೋಡಿ."

ಹುಬ್ಬಳ್ಳಿಯ ಮೂಲ

ನಮ್ಮ ಡೈರೆಕ್ಟರು ಭಾರತಕ್ಕೆ ದೊಡ್ಡ ಆರ್ಡರು ಕೊಡುವವರಿದ್ದರು. ಈಗಲೇ ಕೊಡಬೇಕೋ ಕಾಯಬೇಕೋ ಎಂಬುದು ಪ್ರಶ್ನೆ. ನಾನು ಕಾಯಿರಿ ಅಂದೆ. ಹುಬ್ಬಳ್ಳಿಯ ನನ್ನ ಮೂಲ ಹಾಗೆ ಹೇಳುತ್ತಿದೆ ಅಂದೆ. ಮೂಲ ಎಂದರೆ ಅಲ್ಲಿ ಬಟ್ಟೆ ಅಂಗಡಿ ನಡೆಸುವ ನನ್ನ ಸೋದರತ್ತೆ. "ನಾನೇ ಮಾತಾಡಬೇಕು" ಅಂತ ಡೈರೆಕ್ಟರು ಪಟ್ಟು ಹಿಡಿದರು. ವಿಡಿಯೊ ಕಾಲ್ ಮಾಡಿದೆ.

ಅತ್ತೆ ಚೆನ್ನಾಗಿಯೇ ಶುರು ಮಾಡಿದರು. "ಈ ಸಲ ಮದುವಿ ಮುಹೂರ್ತ ಕಡಿಮಿ ಅದಾವ. ಮಾಲು ಹಂಗ ಬಿದ್ದೈತಿ. ಅವಸರ ಮಾಡಬ್ಯಾಡ ಅನ್ನು." ಇದ್ದ ಹಾಗೆಯೇ ಅನುವಾದಿಸಿದೆ. ಆಮೇಲೆ ಅತ್ತೆ ಪರದೆಯ ಹತ್ತಿರ ಬಂದರು.

"ಯಾಕೋ, ಇಂವಾ ಇಷ್ಟು ಸೊರಗ್ಯಾನ?"

"ಏನಂತೆ?" ಅಂದರು ಡೈರೆಕ್ಟರು.

"ನಮ್ಮ ಕಡೆ ಪೂರೈಕೆ ಕಡಿಮೆ ಇದ್ದ ಹಾಗಿದೆ ಅಂತಾರೆ."

"ಹೊತ್ತಿಗೆ ಸರಿಯಾಗಿ ಉಣ್ತಾನಿಲ್ಲೋ ಕೇಳು."

"ಸ್ಥಳೀಯ ಬಳಕೆ ಹೇಗಿದೆ ಅಂತ ಕೇಳ್ತಿದ್ದಾರೆ."

ಡೈರೆಕ್ಟರು ಬರೆದುಕೊಂಡರು. ಅಷ್ಟರಲ್ಲಿ ಅತ್ತೆ, "ಮದುವಿ ಆಗೇತೇನು?" ಅಂದರು.

"ಈಗಾಗಲೇ ಬೇರೆ ಯಾರ ಜೊತೆಗಾದರೂ ಒಪ್ಪಂದ ಆಗಿದೆಯಾ ಅಂತ."

"ಯಾವುದಕ್ಕೂ ಸಹಿ ಹಾಕಿಲ್ಲ. ಒಳ್ಳೆಯ ಆಫರ್ ಬಂದರೆ ಖಂಡಿತ ನೋಡ್ತೀನಿ ಅಂತ ಹೇಳಿ."

ಅದನ್ನು ಹೇಗೆ ಹೇಳಲಿ ಅಂತ ತೋಚದೆ, "ಇನ್ನೂ ಇಲ್ಲಂತ" ಅಂದುಬಿಟ್ಟೆ. ಅತ್ತೆ ತಲೆಯಾಡಿಸಿ ಫೋನಿಟ್ಟರು.

ಆರ್ಡರು ಮುಂದಕ್ಕೆ ಹೋಯಿತು. ಮಾರನೆಯ ದಿನ ಡೈರೆಕ್ಟರು ನನ್ನ ಟೇಬಲ್ಲಿಗೇ ಬಂದು, "ಅವರಿಂದ ಆಫರ್ ಏನಾದರೂ ಬಂತಾ?" ಅಂದರು.

"ಬಂದಿದೆ," ಅಂದೆ. "ನಿಮ್ಮ ಎತ್ತರ ಎಷ್ಟು ಅಂತ ಕೇಳಿದ್ದಾರೆ."