ಅರಮನೆಯ ನೆಲ ಕಾಯ್ದ ಒತಾಕರ

"ಇವತ್ತು ಸೂರ್ಯ ಮುಳುಗೋವರೆಗೆ ಒಂದೇ ಒಂದು ಸಲ ನನ್ನ ದನಿ ಏರಿದ್ರೆ, ನನ್ನನ್ನ ಒತಾಕರ ಅಂತ ಕರೀಬೇಡ!" ಎಂದು ಒತಾಕರ ಬಸ್ಸಿನಲ್ಲಿ ಘೋಷಿಸಿದ. ಆ ಘೋಷಣೆಯ ಅಬ್ಬರಕ್ಕೆ ಮುಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಅಜ್ಜಿಯ ಕನ್ನಡಕ ಮಡಿಲಿಗೆ ಬಿತ್ತು.

"ಈ ಕೂಗನ್ನ ಲೆಕ್ಕಕ್ಕೆ ಹಿಡಿಯಲ್ಲ. ವಿಯೆನ್ನಾದಲ್ಲಿ ಇಳಿದ ಮೇಲಿಂದ ಶುರು" ಎಂದಳು ಹೆಂಡತಿ ಲಿಬುಷೆ, ಮಹಾರಾಣಿಯ ಔದಾರ್ಯದಿಂದ.

ಒತಾಕರ ವಿಯೆನ್ನಾದಿಂದ ಗಡಿಯಾಚೆಗಿರುವ ಜ್ನೋಯ್ಮೊ ಊರಿನ ಕೊಳಾಯಿ ರಿಪೇರಿಯವನು. ಅವನು ಬೈದರೆ ಕಟ್ಟಿಕೊಂಡ ಪೈಪು ತಾನಾಗಿಯೇ ಬಿಟ್ಟುಕೊಳ್ಳುತ್ತದೆ ಎಂದು ಊರೇ ನಂಬಿತ್ತು. ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿದ್ದಕ್ಕೆ ಊರಿನವರ ಜೊತೆ ಒಂದು ದಿನದ ವಿಯೆನ್ನಾ ಪ್ರವಾಸ. ಗಂಡ ಹೆಂಡತಿ ನಡುವೆ ಒಂದು ಭಯಂಕರ ಪಂದ್ಯ ಬೇರೆ ನಡೆದಿತ್ತು. ಅವನು ಕೂಗಾಡದೆ ದಿನ ಕಳೆದರೆ ಲಿಬುಷೆ ಇನ್ನು ಜನ್ಮದಲ್ಲಿ ನೃತ್ಯದ ಮಾತೆತ್ತುವಂತಿಲ್ಲ. ಕೂಗಾಡಿದನೋ, ಚಳಿಗಾಲ ಪೂರ್ತಿ ಪ್ರತಿ ಬುಧವಾರ ಬಿಳಿ ಕೈಗವಸು ತೊಟ್ಟು ಅವಳೊಂದಿಗೆ ನೃತ್ಯದ ತರಗತಿಗೆ ಹೋಗಬೇಕು! ನೃತ್ಯ ಎಂದರೆ ಒತಾಕರನಿಗೆ ಎದೆ ನಡುಕ. ಮದುವೆಯ ದಿನ ಕುಣಿಯಲು ಹೋಗಿ ಮದುಮಗಳ ಹೆಬ್ಬೆರಳಿನ ಉಗುರನ್ನೇ ಕಿತ್ತಿದ್ದ ವೀರ ಅವನು.

ವಿಯೆನ್ನಾ ಅವನನ್ನು ಪರೀಕ್ಷಿಸಲೆಂದೇ ಕಾದು ಕುಳಿತಿತ್ತು. ಕಾಫಿ ಅಂಗಡಿಯಲ್ಲಿ ಕರಿಕೋಟಿನ ಮಾಣಿ ಅರ್ಧ ಗಂಟೆ ಇವರತ್ತ ತಿರುಗಿಯೂ ನೋಡಲಿಲ್ಲ. ಒತಾಕರ ನಾಲಿಗೆ ಕಚ್ಚಿಕೊಂಡ. ಸೈಕಲ್ಲಿನವನೊಬ್ಬ ಗಂಟೆ ಬಾರಿಸುತ್ತ ಕಾಲ ಮೇಲೇ ಹತ್ತಿಸಿಕೊಂಡು ಹೋದ. ಒತಾಕರ ಆಕಾಶ ನೋಡಿದ. ಬಿಳಿ ಕೂದಲಿನ ಟೋಪನ್ ಹಾಕಿಕೊಂಡ ರಾಜವೇಷದವನೊಬ್ಬ ಸಂಗೀತ ಕಚೇರಿಯ ಟಿಕೆಟ್ಟು ಕೊಳ್ಳಿ ಎಂದು ತೋಳು ಹಿಡಿದು ಜಗ್ಗಿದ. ಒತಾಕರನ ಮುಖ ಕೆಂಪಗೆ ಕಾದ ಬಾಯ್ಲರಿನಂತಾಯಿತು. ಬಾಯಿ ಮಾತ್ರ ತೆರೆಯಲಿಲ್ಲ!

"ರೀ, ಉಸಿರಾಡ್ತಿದೀರಾ?" ಲಿಬುಷೆಗೆ ಗಾಬರಿ.

"ಮೂಗಲ್ಲಿ."

ಮಧ್ಯಾಹ್ನ ಎಲ್ಲರೂ ಹಳೆಯ ಅರಮನೆಯೊಂದಕ್ಕೆ ಬಂದರು. ಹೊಸ್ತಿಲಲ್ಲಿ ಒತಾಕರ ಗಕ್ಕನೆ ನಿಂತ. ಅವನ ನಾಡಿನ ಕೋಟೆ, ಅರಮನೆಗಳ ಬಾಗಿಲಲ್ಲಿ ದಪ್ಪ ಬಟ್ಟೆಯ ಜೋಡುಗಳ ಪೆಟ್ಟಿಗೆ ಇರುತ್ತದೆ. ಬೂಟಿನ ಮೇಲೇ ಅದನ್ನು ತೊಟ್ಟು, ಮರದ ನೆಲಕ್ಕೆ ಗೀರು ಬೀಳದಂತೆ ಜಾರುತ್ತ ನಡೆಯಬೇಕು. ಇಲ್ಲಿ ನೋಡಿದರೆ ಜನ ಬೀದಿಯ ಬೂಟಿನಲ್ಲೇ ಒಳನುಗ್ಗುತ್ತಿದ್ದಾರೆ!

"ಲಿಬುಷೆ, ಜೋಡಿನ ಪೆಟ್ಟಿಗೆ ಎಲ್ಲೇ?" ಅವನು ಪಿಸುಗುಟ್ಟಿದ.

"ಇಲ್ಲಿ ಆ ಪದ್ಧತಿ ಇಲ್ವೇನೋ. ಸುಮ್ನೆ ಬನ್ನಿ."

"ಇಲ್ವೇನೋ ಅಂದ್ರೆ? ನಮ್ಮ ಕಡೆ ದಿವಾಳಿ ಎದ್ದ ಜಮೀನ್ದಾರನ ಮನೇಲೂ ಇದೆ, ಇಷ್ಟು ದೊಡ್ಡ ಚಕ್ರವರ್ತಿಗಳ ಊರಲ್ಲಿ ಇಲ್ವಾ? ಎಲ್ಲೋ ಮುಚ್ಚಿಟ್ಟಿದಾರೆ ಸೋಮಾರಿಗಳು!"

ಹುಡುಕಿಯೇ ಬಿಟ್ಟ. ಪಕ್ಕದ ಸಣ್ಣ ಬಾಗಿಲ ಹಿಂದೆ ದೊಡ್ಡ ಬುಟ್ಟಿ, ತುಂಬ ಬೂದುಬಣ್ಣದ ಬಟ್ಟೆಯ ಜೋಡುಗಳು. ಒತಾಕರ ವಿಜಯದ ನಗೆ ನಕ್ಕು ಬುಟ್ಟಿಯನ್ನು ನಡುಹಾದಿಗೆ ಎಳೆದು ತಂದ. ಬುಟ್ಟಿ ಕಂಡಿದ್ದೇ ತಡ, ಜ್ನೋಯ್ಮೊದ ಮೂವತ್ತೆಂಟು ಮಂದಿ ಯಾರೂ ಏನೂ ಕೇಳದೆ ಸಾಲು ನಿಂತು ಕಾಲು ಚಾಚಿದರು. ಹುಟ್ಟಿದಾಗಿನ ಅಭ್ಯಾಸ ನೋಡಿ! ಸಾಲು ಕಂಡ ಬೇರೆ ದೇಶದವರೂ ಬಂದು ಹಿಂದೆ ನಿಂತರು. ಒತಾಕರ ಹೊಸ್ತಿಲಿಗೇ ದೊರೆಯಾಗಿ, ಒಬ್ಬೊಬ್ಬರ ಕಾಲಳತೆ ನೋಡಿ ಜೋಡು ದಯಪಾಲಿಸಿದ.

ಮೂರು ಕೋಣೆ ದಾಟಿ ಎಲ್ಲರೂ ನೃತ್ಯದ ದೊಡ್ಡ ಹಜಾರಕ್ಕೆ ಜಾರಿಕೊಂಡು ಬಂದರು.

"ಕಾಲಿಗೆ ಏನೋ ಅಂಟಂಟು ಅನಿಸಲ್ವೇನ್ರೀ?" ಎಂದಳು ಲಿಬುಷೆ.

"ರಾಜರು ಓಡಾಡಿದ ನೆಲ ಕಣೇ. ಅಭಿಮಾನಕ್ಕೆ ಅಂಟುತ್ತೆ."

ಆಗಲೇ ಎದುರು ಬಾಗಿಲಿನಿಂದ ಟಕ್, ಟಕ್, ಟಕ್! ನೀಳಕಾಯದ ಗೃಹಸ್ಥನೊಬ್ಬ ಬರಿಬೂಟಿನಲ್ಲಿ ಹಜಾರದ ನಟ್ಟನಡುವೆ ನಡೆದು ಬರುತ್ತಿದ್ದ. ಒತಾಕರ ಕಣ್ಣು ಮುಚ್ಚಿದ. ಒಂದರಿಂದ ಹತ್ತು ಎಣಿಸಿದ. ಕಣ್ಣು ತೆರೆದ. ಬೂಟು ಇನ್ನೂ ಹತ್ತಿರ ಬಂದಿತ್ತು.

"ಏಯ್! ಬೂಟು! ಇದೇನು ಅರಮನೆಯೋ ಕುದುರೆ ಲಾಯವೋ? ಮನೇಲಿ ಅಮ್ಮ ಬುದ್ಧಿ ಹೇಳಿಕೊಡಲಿಲ್ವಾ ನಿನಗೆ?"

ತೂಗುದೀಪದ ಗಾಜುಗಳು ಕಿಣಿಕಿಣಿ ಎಂದವು. ಕಾವಲುಗಾರರು ಓಡಿ ಬಂದರು. ಅವರ ಹಿಂದೆಯೇ ಮೇಣದ ಡಬ್ಬಿ ಹಿಡಿದ ಮುದುಕಿಯೊಬ್ಬಳು ಓಡಿ ಬಂದು, ನೆಲ ನೋಡಿ, ಒತಾಕರನ ಊರಿನ ಮಾತಿನಲ್ಲೇ ಕಿರುಚಿದಳು. "ಅಯ್ಯೋ ದೇವರೇ! ಯಾವ ಪುಣ್ಯಾತ್ಮ ನನ್ನ ಮೇಣದ ಜೋಡು ಹಂಚಿದ್ದು?"

ಅವಳು ಅನೆಷ್ಕಾ. ಗಡಿಯಾಚೆಯ ಮಿಕುಲೊವ್‌ನಿಂದ ಬಂದು ಮೂವತ್ತು ವರ್ಷದಿಂದ ಈ ನೆಲಕ್ಕೆ ಹೊಳಪು ಕೊಡುತ್ತಿದ್ದವಳು. ಬುಟ್ಟಿಯಲ್ಲಿದ್ದದ್ದು ಪ್ರವಾಸಿಗರ ಜೋಡಲ್ಲ. ನೆಲ ಉಜ್ಜುವವರು ತೊಡುವ, ಬೆಳಗ್ಗೆಯಷ್ಟೇ ಮೇಣದಲ್ಲಿ ಅದ್ದಿಟ್ಟ ಜೋಡು! ಒತಾಕರ ಹಿಂತಿರುಗಿ ನೋಡಿದ. ಹೊಸ್ತಿಲಿನಿಂದ ಹಜಾರದವರೆಗೆ ದೋಸೆಯ ಹಂಚಿಗೆ ಹಿಟ್ಟು ಬಳಿದಂತೆ ಮೇಣ ಮೆತ್ತಿಕೊಂಡಿತ್ತು.

ಬೂಟಿನ ಗೃಹಸ್ಥ ತಣ್ಣಗೆ ಏನೋ ಹೇಳಿದ.

"ಅರಮನೆಯ ಮೇಲ್ವಿಚಾರಕರು ಇವರು" ಎಂದಳು ಅನೆಷ್ಕಾ. "ಇವತ್ತು ಈ ನೆಲದ ಮೇಲೆ ಕಲೆ ಮಾಡದೆ ನಡೆದೋನು ನಾನೊಬ್ಬನೇ, ನನಗೇ ಯಾಕಪ್ಪ ಬೈದೆ ಅಂತ ಕೇಳ್ತಿದಾರೆ."

ಒತಾಕರ ಹೆಂಡತಿಯತ್ತ ತಿರುಗಿ, "ಅದು ಕೂಗಾಟ ಅಲ್ಲ ಲಿಬುಷೆ, ಎಚ್ಚರಿಕೆ" ಎಂದ, ಸಣ್ಣ ದನಿಯಲ್ಲಿ.

"ಬುಧವಾರ. ಸಂಜೆ ಆರು ಗಂಟೆ" ಎಂದಳು ಲಿಬುಷೆ.

ಮೇಣ ಒಣಗಿದರೆ ಕಲೆ ನಿಲ್ಲುತ್ತದಂತೆ. ಅನೆಷ್ಕಾ ಒತಾಕರನ ಎರಡೂ ಕಾಲಿಗೆ ನೆಲ ಉಜ್ಜುವ ಬ್ರಷ್ಷು ಬಿಗಿದು ಹಜಾರದ ನಡುವೆ ನಿಲ್ಲಿಸಿದಳು. "ಬಲಗಾಲು ಜಾರಿಸು, ಎಡಗಾಲು ಸೇರಿಸು, ತಿರುಗು! ಒಂದು, ಎರಡು, ಮೂರು! ಒಂದು, ಎರಡು, ಮೂರು!" ಜ್ನೋಯ್ಮೊದ ಮೂವತ್ತೆಂಟು ಮಂದಿ ಗೋಡೆಗೊರಗಿ ಚಪ್ಪಾಳೆ ತಟ್ಟಿ ತಾಳ ಹಾಕಿದರು. ಒತಾಕರ ಬೆವರು ಸುರಿಸುತ್ತ, ತನ್ನ ಕಾಲನ್ನೇ ತಾನು ತುಳಿದುಕೊಳ್ಳುತ್ತ ಹಜಾರ ಪೂರ್ತಿ ಗಿರಗಿರನೆ ತಿರುಗಿದ.

ಕಾವಲುಗಾರ ಕೊಟ್ಟ ಕುರ್ಚಿಯಲ್ಲಿ ಮಹಾರಾಣಿಯಂತೆ ಕುಳಿತ ಲಿಬುಷೆ ಅನೆಷ್ಕಾಳನ್ನು ಕರೆದು ಕೇಳಿದಳು. "ಹೇಗಿದೆ ಅಕ್ಕಾ, ಬುಧವಾರ ನೃತ್ಯದ ತರಗತಿಗೆ ಹೊರಟಿರೋ ನಮ್ಮೆಜಮಾನ್ರ ಹೆಜ್ಜೆ?"

ಅನೆಷ್ಕಾ ಅವನ ಕಾಲನ್ನೇ ದಿಟ್ಟಿಸಿ, ನಿಟ್ಟುಸಿರು ಬಿಟ್ಟಳು. "ಬುಧವಾರ ಒಂದೇ ಸಾಲಲ್ಲ ತಂಗೀ, ಶುಕ್ರವಾರಾನೂ ಹಾಕಿಸು."